ಮನೆಗೆ ಫೋನ್ ಮಾಡು

ನಮ್ಮ ಮೇಷ್ಟರ ಎಡಗೈ ತೋರುಬೆರಳು ಅರ್ಧಕ್ಕೇ ಮುಗಿದಿತ್ತು. ಉಳಿದರ್ಧವನ್ನು ಬರ್ಮಿಂಗ್‌ಹ್ಯಾಮಿನ ಯಾವುದೋ ಹೋಟೆಲಿನಲ್ಲಿ ಮಾಂಸ ಕೊಚ್ಚುವ ಯಂತ್ರಕ್ಕೆ ಕೊಟ್ಟು ಬಂದಿದ್ದರು. ರೆಕಾರ್ಡಿಂಗ್ ನಿಲ್ಲಿಸುವ ಬಟನ್ನನ್ನು ಅವರು ಒತ್ತುತ್ತಿದ್ದದ್ದು ಆ ಮೊಂಡು ಬೆರಳಿನಿಂದಲೇ. ನಾವು ಹಾಡಲು ಶುರುಮಾಡುವ ಮೊದಲೇ ಅದು ಬಟನ್ನಿನ ಮೇಲೆ ಬಂದು ಕೂತಿರುತ್ತಿತ್ತು. ಎರಡು ಸಾಲು ದಾಟುವಷ್ಟರಲ್ಲಿ ಟಕ್ ಎಂದು ಒತ್ತಿ, ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದರು. ಅದಕ್ಕಿಂತ ಬೈದಿದ್ದರೂ ಆಗುತ್ತಿತ್ತು.

ಬೆಂಗಳೂರಿನ ವಿಜಯನಗರದ ಮಾರ್ಕೆಟ್ ಬೀದಿಯಲ್ಲಿ ಒಂದು ಹಿಟ್ಟಿನ ಗಿರಣಿ. ಅದರ ಮೇಲಿನ ಕೋಣೆಯೇ ಅವರ ಸ್ಟುಡಿಯೋ. ಸದ್ದು ತಡೆಯಲು ಗೋಡೆಗೆಲ್ಲ ಮೊಟ್ಟೆ ಟ್ರೇ, ಬಾಗಿಲಿಗೆ ಹಳೇ ಹಾಸಿಗೆ. ಹೊಟ್ಟೆಪಾಡಿಗೆ ಆಟೋ ಪ್ರಚಾರದ ಮಾತು, ದೇವರನಾಮ ರೆಕಾರ್ಡ್ ಮಾಡಿಕೊಡುತ್ತಿದ್ದರು. ಮಧ್ಯಾಹ್ನ ಗಿರಣಿ ನಿಂತ ಮೇಲೆ ರ‍್ಯಾಪ್ ಹುಚ್ಚಿನ ನಾವು ನಾಲ್ಕು ಜನ ಮೆಟ್ಟಿಲು ಹತ್ತುತ್ತಿದ್ದೆವು. ಮೂವರು ಹುಡುಗರು, ನಾನೊಬ್ಬಳು ಹುಡುಗಿ. ಅಷ್ಟೆಲ್ಲ ದನಿಗಳನ್ನು ಹಿಡಿದಿಡುತ್ತಿದ್ದ ಮನುಷ್ಯ ತನ್ನ ದನಿಯನ್ನು ಮಾತ್ರ ಮೈಕಿನ ಹತ್ತಿರ ಬಿಡುತ್ತಿರಲಿಲ್ಲ. ಅಪ್ಪಿತಪ್ಪಿ ಕೆಮ್ಮಿದರೂ ಅದನ್ನು ಹುಡುಕಿ ಕತ್ತರಿಸುತ್ತಿದ್ದರು.

ಅವರು ಕೆಂಗೇರಿಯಲ್ಲಿ ಹುಟ್ಟಿದವರು. ವಯಸ್ಸಿನಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋಗಿ, ತಾಯಿ ಸತ್ತಾಗಲೂ ಬರಲಾಗದೆ ಅಲ್ಲೇ ಕೊಳೆತು, ಆಮೇಲೆ ಬೆರಳು ಕಳೆದುಕೊಂಡು ವಾಪಸ್ಸಾದವರು. ಅಲ್ಲಿನ ಬೀದಿ ಹುಡುಗರ ರ‍್ಯಾಪ್ ಕೇಳಿಸಿ ಪಾಠ ಮಾಡುತ್ತಿದ್ದರು. ಲಂಡನ್ನಿನವರು ಮಾತನ್ನು ತುಂಡುತುಂಡು ಮಾಡಿ ಎಸೆಯುತ್ತಾರೆ, ಅದಕ್ಕೇ ಅವರ ಹಾಡು ಅಷ್ಟು ಚುರುಕು. ಬರ್ಮಿಂಗ್‌ಹ್ಯಾಮಿನವರದು ಮೂಗಿನ ಮಾತು, ಸಾಲಿನ ಬಾಲ ಕೆಳಗೆ ಬೀಳುತ್ತದೆ. ಲಂಡನ್ನಿನವರು ಅದನ್ನು ಕೇಳಿ, ದಡ್ಡರ ಮಾತು ಎಂದು ನಗುತ್ತಿದ್ದರಂತೆ. ಬರ್ಮಿಂಗ್‌ಹ್ಯಾಮಿನ ಹುಡುಗರು ಬಾಯಿ ತಿದ್ದಿಕೊಳ್ಳಲಿಲ್ಲ, ಬೀಳುವ ಬಾಲಕ್ಕೆ ತಕ್ಕಂತೆ ತಾಳವನ್ನೇ ಎಳೆದು ತಂದರು. ನಕ್ಕವರೇ ಆಮೇಲೆ ಕಿವಿಗೊಟ್ಟು ಕೂತರು. ಇಷ್ಟು ಹೇಳಿ ಮೇಷ್ಟರು ನಮ್ಮನ್ನು ಒಬ್ಬೊಬ್ಬರನ್ನೇ ನೋಡುತ್ತಿದ್ದರು.

ನಾನು ವಿಜಯಪುರದ ಕಡೆಯವಳು. ಜ್ಞಾನಭಾರತಿ ಕ್ಯಾಂಪಸ್ಸಿಗೆ ಓದಲು ಬಂದು ಮಲ್ಲತ್ತಹಳ್ಳಿಯ ಪೀಜಿಯಲ್ಲಿದ್ದೆ. ನಾನು ಬಾಯಿ ಬಿಟ್ಟರೆ ಸಾಕು, ರೂಮಿನವರಿಗೆ ಅದು ಪುಕ್ಕಟೆ ಕಾಮಿಡಿ ಶೋ. ಇನ್ನೊಂದ್ಸಲ ಹೇಳೇ, ಮಜವಾಗಿದೆ ಎಂದು ಗೋಗರೆಯುತ್ತಿದ್ದರು. ಸುಡುಗಾಡು ಸಹವಾಸ ಎಂದು ನನ್ನ ಮಾತನ್ನೇ ಬಿಟ್ಟೆ. ಮಗಾ, ಮಚ್ಚಾ, ಗುರು ಎಂದು ಬೆಂಗಳೂರಿನ ಹುಡುಗರಿಗಿಂತ ಹೆಚ್ಚು ಬೆಂಗಳೂರಾದೆ. ರ‍್ಯಾಪನ್ನೂ ಹಾಗೇ ಬರೆದೆ, ಹಾಗೇ ಹೇಳಿದೆ.

ಹೊಸಬರಿಗೆ ಮೇಷ್ಟರದೊಂದು ಪರೀಕ್ಷೆಯಿತ್ತು. ಮೊದಲು ಹಾಡಿಸುವುದು. ಆಮೇಲೆ "ಮನೆಗೆ ಫೋನ್ ಮಾಡು" ಎನ್ನುವುದು. ಮೈಕಿನ ಮುಂದೆ ನಿಂತೇ ಅಮ್ಮನ ಜೊತೆ ಮಾತಾಡಬೇಕು. ನಮ್ಮ ಕಡೆಯ ಮಾತನ್ನಷ್ಟೇ ಹಿಡಿದು, ಹಾಡು ಮತ್ತು ಫೋನು ಎರಡನ್ನೂ ಎಲ್ಲರ ಮುಂದೆ ಒಂದರ ಹಿಂದೊಂದು ಹಾಕುತ್ತಿದ್ದರು. ನನ್ನ ಸರದಿ ಬಂದಾಗ ಅವ್ವ ಚಿಕ್ಕಮ್ಮ ತಂದ ಯಾವುದೋ ಗಂಡಿನ ಸುದ್ದಿ ಎತ್ತಿದಳು. ಮೈಕು ಮರೆತೇಹೋಯಿತು.

"ಏ ಯವ್ವಾ, ಆ ಚಿಗವ್ವಗ ಹೇಳಿಬಿಡ ನೀ, ನನ್ನ ಲಗ್ನದ ಉಸಾಬರಿ ಅಕಿಗ್ಯಾಕ ಬೇಕ? ಮೊದ್ಲ ತನ್ನ ಮಗಳದ ನೋಡ್ಕೊ ಅನ್ನ!"

ಬೈದು ಫೋನ್ ಇಟ್ಟೆ. ಮೊಂಡು ಬೆರಳು ಬಟನ್ನಿಗೆ ಇಳಿಯುವ ಮುನ್ನವೇ ಮೇಷ್ಟರ ಬಾಯಿಂದ ಮಾತು ಜಾರಿತು. "ಥೂ ನಿನ್ನ! ಇಂಥಾ ಬಾಯಿ ಇಟ್ಕೊಂಡು ಯಾಕೆ ಕಣೇ ಕಂಡೋರ್ ಬಾಯಲ್ಲಿ ಮಾತಾಡ್ತೀಯ?"

ಎರಡನ್ನೂ ಹಾಕಿ ಕೇಳಿಸಿದಾಗ ಹುಡುಗರು ಬಿದ್ದು ಬಿದ್ದು ನಕ್ಕರು. ಫೋನಿನಲ್ಲಿರೋಳು ಬದುಕಿದಾಳೆ, ಹಾಡಿದ್ದು ಹೆಣ, ನಾಳೆಯಿಂದ ಹೆಣ ಹೊತ್ಕೊಂಡು ಬರಬೇಡ ಎಂದರು ಮೇಷ್ಟರು. ಮೆಟ್ರೋದಲ್ಲಿ ಜನರ ಮುಂದೆ ಗೊಳೋ ಎಂದು ಅತ್ತೆ. ಮನುಷ್ಯನಾ ಅವನು ಎಂದು ಶಪಿಸಿದೆ. ಅವರ ಕೈಯಲ್ಲಿ ಎಲ್ಲರೂ ಬದುಕಿಕೊಂಡರು ಅಂತೇನಿಲ್ಲ. ಮೂವರಲ್ಲಿ ಒಬ್ಬ, ಇಂಗ್ಲಿಷ್ ಧಾಟಿಯಲ್ಲಿ ಕನ್ನಡ ಹೇಳುತ್ತಿದ್ದ ಕೆಂಗೇರಿಯ ಹುಡುಗ, ಈ ಪರೀಕ್ಷೆಯಾದ ಮೇಲೆ ಹಾಡುವುದನ್ನೇ ಬಿಟ್ಟ. ಚೆನ್ನಾಗಿ ಬರೆಯುತ್ತಿದ್ದ ಪಾಪ. ಇದನ್ನು ಗುರುಕೃಪೆ ಎಂದು ಹೇಳಲು ನನ್ನಿಂದಾಗದು.

ನಾನು ಬಿಡಲಿಲ್ಲ, ಹಟಮಾರಿ. ಒಂದು ಭಾನುವಾರ ಸಂಜೆ ಮಲ್ಲತ್ತಹಳ್ಳಿ ಕೆರೆ ಏರಿಯ ಮೇಲೆ ರ‍್ಯಾಪರ್‌ಗಳೆಲ್ಲ ಸೇರಿದ್ದಾಗ ಅವ್ವನ ಜೊತೆ ಜಗಳಾಡುವ ಮಾತಿನಲ್ಲೇ ನನ್ನ ಹಾಡು ಹೇಳಿದೆ. ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ವಾಕಿಂಗಿಗೆ ಬಂದ ಅಂಕಲ್‌ಗಳೂ ನಿಂತು ಕೇಳಿದರು. ಚಪ್ಪಾಳೆ ಬಿದ್ದವು. ನಾನು ಗುಂಪಿನ ಹಿಂದೆ ನಿಂತಿದ್ದ ಮೇಷ್ಟರ ಮುಖವನ್ನೇ ನೋಡುತ್ತಿದ್ದೆ.

"ಇನ್ನೂ ಹೆದರ್ಕೊಂಡೇ ಮಾತಾಡ್ತೀಯ," ಎಂದರು. ಅಷ್ಟೇ.

ಮರುವರ್ಷ ಅವರ ಗಂಟಲಿಗೆ ಕ್ಯಾನ್ಸರ್ ಬಂತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕತ್ತಿನಲ್ಲೊಂದು ತೂತು ಉಳಿಯಿತು. ಹೇಳಬೇಕಾದದ್ದನ್ನು ಮೊಬೈಲಿನಲ್ಲಿ ಒತ್ತಿ ತೋರಿಸುತ್ತಿದ್ದರು. ಒಂದು ಮಧ್ಯಾಹ್ನ ನಾನೊಬ್ಬಳೇ ಹೋದಾಗ ಕಂಪ್ಯೂಟರಿನಲ್ಲಿ ಯಾವುದೋ ಹಳೇ ಹಾಡು ಹಾಕಿದರು. ಶುದ್ಧ ಲಂಡನ್ ಧಾಟಿ, ತುಂಡು ಮಾತು. ಮೊಬೈಲ್ ತೋರಿಸಿದರು. ಬರ್ಮಿಂಗ್‌ಹ್ಯಾಮಿನಲ್ಲಿದ್ದಾಗ ತಾವೇ ಹಾಡಿದ್ದಂತೆ. ಇದನ್ನು ಸ್ಟೇಜಿನಲ್ಲಿ ಹೇಳಿದ ದಿನ ಅಲ್ಲಿನ ಹುಡುಗರು ಬೆನ್ನು ತಿರುಗಿಸಿ ನಿಂತರಂತೆ. ಅವತ್ತಿನಿಂದ ಮೈಕ್ ಮುಟ್ಟಿಲ್ಲ. ಅವರ ದನಿ ಅಂತ ಭೂಮಿಯ ಮೇಲೆ ಇರುವುದು ಇದೊಂದೇ ಅಂತೆ. ಕೊನೆಯಲ್ಲಿ ಬರೆದಿದ್ದರು: "ಹೇಗಿದೆ? ನಿಜ ಹೇಳು."

ಅದರಲ್ಲಿ ಕೆಂಗೇರಿಯೂ ಇರಲಿಲ್ಲ, ಬರ್ಮಿಂಗ್‌ಹ್ಯಾಮೂ ಇರಲಿಲ್ಲ. ಅವರಂತೂ ಇರಲೇ ಇಲ್ಲ. ಚೆನ್ನಾಗಿದೆ ಸಾರ್ ಅನ್ನಬಹುದಿತ್ತು. ಆ ಕೋಣೆಯಲ್ಲಿ ಅವರು ಯಾರಿಗೆ ಹಾಗೆ ಹೇಳಿದ್ದರು, ನಾನು ಹೇಳಲು?

"ಮನಿಗೆ ಫೋನ್ ಹಚ್ಚ್ರಿ ಸರ," ಎಂದೆ.

ಹಚ್ಚಲು ಅವರಿಗೆ ತಾಯಿ ಇರಲಿಲ್ಲ, ಮಾತಾಡಲು ಗಂಟಲೂ ಇರಲಿಲ್ಲ. ಅದು ಗೊತ್ತಿದ್ದೇ ಹೇಳಿದೆ. ಮೇಷ್ಟರು ನನ್ನನ್ನೇ ನೋಡಿದರು. ಭುಜ ಕುಲುಕಿದವು, ಕತ್ತಿನ ತೂತಿನಿಂದ ಗಾಳಿ ಸುಯ್ ಎಂದಿತು. ನಗುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಮೊಂಡು ಬೆರಳು ಹಾಡನ್ನು ಅಳಿಸಲು ಹೊರಟಿತು. ಬ್ಯಾಡ್ರಿ ಸರ ಎಂದು ಕೈ ಹಿಡಿದೆ. ನನ್ನ ಕೈ ತಳ್ಳಿ ಒತ್ತಿಯೇ ಬಿಟ್ಟರು. ಮತ್ತೆ ಮೊಬೈಲ್ ತೋರಿಸಿದರು: "ಈ ಸಲ ಹೆದರಲಿಲ್ಲ."

ಅವರು ಹೋದದ್ದು ಕಾರ್ತಿಕದಲ್ಲಿ. ಕೋಣೆ ಈಗ ಗಿರಣಿಯವರ ಗೋಣಿಚೀಲಗಳಿಗೆ ಆಗಿದೆ. ಅವರ ದನಿ ಇದ್ದರೆ ಕೊಡಮ್ಮ ಎಂದು ಅವರ ತಂಗಿ ನನ್ನನ್ನು ಕೇಳಿದರು. ಪರೀಕ್ಷೆಯ ದಿನ ಮೇಷ್ಟರೇ ಮೊಬೈಲಿಗೆ ಕಳಿಸಿದ್ದ ನನ್ನ ಫೋನ್ ಮಾತು ನನ್ನ ಹತ್ತಿರವೇ ಇತ್ತು. ಹುಡುಕಿ, ಇಬ್ಬರೂ ಕೂತು ಕೇಳಿದೆವು. ನಾನು ಅವ್ವನಿಗೆ ಬೈದು ಮುಗಿಸುತ್ತೇನೆ. ಅದರ ಬೆನ್ನಿಗೇ, ಮೇಷ್ಟರು ಕತ್ತರಿಸದೆ ಬಿಟ್ಟ ಮಾತು ಅಪ್ಪಟ ಕೆಂಗೇರಿಯಲ್ಲಿ ಬರುತ್ತದೆ: "ಥೂ ನಿನ್ನ!"

"ನಮ್ಮಣ್ಣನೇ ಕಣಮ್ಮ," ಎಂದು ತಂಗಿ ಸೆರಗು ಬಾಯಿಗಿಟ್ಟುಕೊಂಡರು.