ಪಾಷಾನಿಗೆ ಬಿಸಿಲು ಕೊಟ್ಟ ವೀರಭದ್ರಪ್ಪ

ವೀರಭದ್ರ ದೇವರ ಪಾದ ನಂಬಿದ ಎಲ್ಲ ಅಕ್ಕ ಅಣ್ಣಂದಿರಿಗೆ ಬಸವಕಲ್ಯಾಣದ ಸುಮಿತ್ರಾಬಾಯಿಯ ಶರಣು. ನೀವು ಬರೆದ ಅನುಭವಗಳನ್ನು ನಾನು ಕಣ್ಣೀರಿಟ್ಟು ಓದಿದವಳು. ಒಬ್ಬರ ಮಗು ಬದುಕಿತು, ಇನ್ನೊಬ್ಬರಿಗೆ ಬಿದ್ದುಹೋದ ಕಾಲು ಬಂತು. ನನ್ನದು ಅಂಥ ಚಂದದ ಕಥೆಯಲ್ಲ. ನಾನು ಸ್ವಾಮಿಯ ಮುಂದೆ ಸೆರಗೊಡ್ಡಿ ಜೀವ ಬೇಡಿದ್ದು ಒಂದು ಊಸರವಳ್ಳಿಗೆ. ಓದುತ್ತ ನಿಮಗೆ ಹೇಸಿಗೆ ಬಂದರೆ ಬರಲಿ. ಅದನ್ನು ಮೂರು ತಿಂಗಳು ಸಾಕಿದ ನನಗೆ ಎಷ್ಟು ಬಂದಿರಬೇಕು, ಲೆಕ್ಕ ಹಾಕಿಕೊಳ್ಳಿ.

ನಮ್ಮ ಪಕ್ಕದ ಮನೆ ಶಮೀಮಳದು. ಮೂವತ್ತು ವರ್ಷದ ನೆರೆ. ಅವಳ ಗಂಡ ಉಸ್ಮಾನ್ ಸಾಹೇಬರು ಸೀರೆ, ದುಪಟ್ಟಾಗಳಿಗೆ ಬಣ್ಣ ಹಾಕುತ್ತಿದ್ದರು. ಹೈದರಾಬಾದಿನಲ್ಲಿ ಸಾಕುಪ್ರಾಣಿಗಳ ಅಂಗಡಿ ಇಟ್ಟಿರುವ ಶಮೀಮಳ ತಮ್ಮ ಒಮ್ಮೆ ಅವರಿಗೆ ಒಂದು ಪರದೇಶದ ಊಸರವಳ್ಳಿಯನ್ನು ಕಾಗದಪತ್ರದ ಸಮೇತ ತಂದುಕೊಟ್ಟ. ನೆತ್ತಿಯ ಮೇಲೆ ಟೊಪ್ಪಿಗೆ ಇಟ್ಟಂಥ ತಲೆ, ಒಂದು ಕಣ್ಣು ಈ ಕಡೆ, ಇನ್ನೊಂದು ಆ ಕಡೆ. ಸಾಹೇಬರು ಅದಕ್ಕೆ ಪಾಷಾ ಎಂದು ಹೆಸರಿಟ್ಟರು. "ನಾ ದಿನಾ ಬಣ್ಣ ಕಲಸಿ ಕಲಸಿ ಸಾಯ್ತೀನಿ, ಇವ ಕುಂತಲ್ಲೇ ಹಾಕ್ಕೋತಾನ ನೋಡ್ರಿ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷವಾಯಿತು. ಮಕ್ಕಳಿಲ್ಲ. ಶಮೀಮಳಿಗೆ ಮನೆಯಲ್ಲಿ ಉಳಿದ ಜೀವವೆಂದರೆ ಅದೊಂದೇ.

ಹೋದ ವರ್ಷ ಶ್ರಾವಣದಲ್ಲಿ ಶಮೀಮಳ ಎದೆಯ ಕವಾಟ ಕೆಟ್ಟಿದೆ, ಹೈದರಾಬಾದಿನಲ್ಲಿ ಆಪರೇಷನ್ ಆಗಬೇಕು ಎಂದರು. ಹೊರಡುವ ಮುಂಜಾನೆ ಅವಳೇ ಏದುಸಿರು ಬಿಡುತ್ತ ಪಂಜರ ಹೊತ್ತು ನಮ್ಮ ಮನೆಗೆ ಬಂದಳು.

"ಅಕ್ಕಾ, ಇದು ನನ್ನ ಅಮಾನತ್. ನಾ ಬರೋತನಕ ಜೀವಂತ ಇಡ್ರಿ. ಇವನೂ ಹೋದ ಅಂದ್ರ ನಾ ಆ ಖಾಲಿ ಮನಿಗಿ ಯಾಕ ಬರ್ಲಿ?"

ನಾನು ಕೊರಳಿನ ಲಿಂಗ ಮುಟ್ಟಿ, "ನೀ ಬಂದಾಗ ಇರ್ತದ, ಹೋಗಿ ಬಾ" ಎಂದೆ. ಆ ಮಾತು ಬಾಯಿಂದ ಬಿದ್ದದ್ದೇ ತಪ್ಪಾಯಿತು ಎಂದು ಸಂಜೆಯಾಗುವುದರೊಳಗೆ ಅನಿಸಿತು. ನಮ್ಮದು ಸೋಮವಾರ ಉಳ್ಳಾಗಡ್ಡಿಯನ್ನೂ ಮುಟ್ಟದ ಮನೆ. ಆ ಮನೆಗೆ ಪಂಜರದ ಜೊತೆ ಒಂದು ಡಬ್ಬಿ ತುಂಬ ಜೀವಂತ ಜಿರಳೆ ಬಂದಿದ್ದವು. ಅವುಗಳಿಗೆ ನಾನು ಗಜ್ಜರಿ ಹೆಚ್ಚಿ ಹಾಕಿ ಸಾಕಬೇಕು, ದಪ್ಪಗಾದದ್ದನ್ನು ಚಿಮಟದಲ್ಲಿ ಹಿಡಿದು ಪಾಷಾನ ಮುಂದೆ ಒಡ್ಡಬೇಕು. ಮುಚ್ಚಳ ತೆಗೆದರೆ ಬರುವ ಆ ಹಳಸಿದ ಎಣ್ಣೆಯ ವಾಸನೆ, ಸರಸರ ಸಪ್ಪಳ. ಅದರ ನಾಲಿಗೆ ಅಂಟು ಹಗ್ಗದ ಹಾಗೆ ಹೊರಗೆ ಬಂದು ಜಿರಳೆಯನ್ನು ಎಳೆದುಕೊಂಡು ಹೋಗುತ್ತಿತ್ತು. ಆಮೇಲೆ ಕರುಂ ಕುರುಂ. ಮೊದಲ ವಾರ ನಾನು ಮುಂಜಾನೆ ಉಪ್ಪಿಟ್ಟು ತಿನ್ನಲಿಲ್ಲ. ನಮ್ಮ ಮನೆಯವರು ಮಾತ್ರ ಪೇಪರ್ ಹಿಡಿದುಕೊಂಡು ನಗುತ್ತಿದ್ದರು.

ಪಂಜರದ ಮೇಲೆ ಒಂದು ಬಲ್ಬ್ ಇತ್ತು. ದಿನಕ್ಕೆ ಹನ್ನೆರಡು ತಾಸು ಉರಿಸಬೇಕು ಎಂದು ಶಮೀಮ ಹೇಳಿದ್ದಳು. ಹದಿನೈದು ದಿನಕ್ಕೆ ಅದು ಕಸಬರಿಗೆಯ ಕಡ್ಡಿ ತಾಗಿ ಒಡೆಯಿತು. ಯುವಿ ಎಂದು ಬರೆದಿದ್ದ ಅದರ ಬುಡವನ್ನೂ ಚೂರುಗಳನ್ನೂ ಕಾಗದದಲ್ಲಿ ಸುತ್ತಿಕೊಂಡು ಪೇಟೆಯ ಒಂದು ಕರೆಂಟ್ ಸಾಮಾನಿನ ಅಂಗಡಿಗೆ ಹೋದೆ.

"ಬಾಯಾರ, ಯುವಿ ಅಂದ್ರ ಯುವಿನೇ. ಮಿಠಾಯಿ ಅಂಗಡ್ಯಾಗ ನೊಣ ಹಿಡೀಲಾಕ ಹಾಕ್ತಾರಲ್ಲ ನೀಲಿದು, ಇದನ್ನೇ ಒಯ್ಯಿರಿ" ಎಂದು ಅವನು ಕೊಟ್ಟ. ಗೊತ್ತಿಲ್ಲ ಎಂದು ಹೇಳಲು ಕೆಲವರಿಗೆ ನಾಲಿಗೆಯೇ ಹೊರಳುವುದಿಲ್ಲ. ನಾನು ತಂದು ಹಾಕಿದೆ. ಅದೂ ಸಾಲದೆಂದು ಪಂಜರವನ್ನು ಮೂಡಣದ ಕಿಟಕಿಯ ಹತ್ತಿರ, ಮುಚ್ಚಿದ ಗಾಜಿನ ಹಿಂದೆ ಇಟ್ಟೆ. ಮುಂಜಾನೆಯಿಡೀ ಅಲ್ಲಿ ಬಿಸಿಲು ಬೀಳುತ್ತಿತ್ತು. ಗಾಳಿ ತಾಗಬಾರದು, ಬೆಕ್ಕು ಬರಬಾರದು, ಬಿಸಿಲು ಮಾತ್ರ ಬರಬೇಕು ಎಂದು ನನ್ನ ಜಾಣತನ.

ಗಣಪತಿ ಹಬ್ಬ ಮುಗಿಯುವ ಹೊತ್ತಿಗೆ ಪಾಷಾ ಕೊಂಬೆಯ ಮೇಲಿಂದ ಬೀಳತೊಡಗಿತು. ಮುಂಗಾಲು ಬಿಲ್ಲಿನ ಹಾಗೆ ಬಾಗಿದವು. ಹಸಿರು ಮೈ ಒಲೆಯ ಬೂದಿಯ ಬಣ್ಣಕ್ಕೆ ತಿರುಗಿತು. ನಾಲಿಗೆ ಹೊರಗೆ ಬಂದರೆ ಒಳಗೆ ಹೋಗದು, ತುದಿಗೆ ಮಣ್ಣು ಮೆತ್ತಿಕೊಂಡು ಜೋತಾಡುತ್ತಿತ್ತು. ನಾನೇ ಹತ್ತಿಯಲ್ಲಿ ಒರೆಸಿ ಒಳಗೆ ದಬ್ಬುತ್ತಿದ್ದೆ. ಆಮೇಲೆ ಬಚ್ಚಲಿಗೆ ಹೋಗಿ ಮೂರು ಸಲ ಸೋಪು ಹಚ್ಚಿ ಕೈ ತೊಳೆಯುತ್ತಿದ್ದೆ.

ಅತ್ತ ಶಮೀಮಳ ಆಪರೇಷನ್ ಆಗಿ, ಗಾಯಕ್ಕೆ ಕೀವು ತುಂಬಿ, ಅವಳು ಮತ್ತೆ ದವಾಖಾನೆ ಸೇರಿದ್ದಳು. ದಿನಾ ಸಂಜೆ ಫೋನು.

"ಪಾಷಾ ಉಣ್ಣಾಕತ್ತಾನ ಅಕ್ಕಾ?"

"ಉಣ್ಣಾಕತ್ತಾನ. ನೀ ನಿನ್ನ ಎದಿ ನೋಡ್ಕೊ."

ಹೀಗೆ ದಿನಾ ಒಂದು ಸುಳ್ಳು. ಹಣೆಯ ವಿಭೂತಿ ಇನ್ನೂ ಆರಿರದ ಹೊತ್ತಿನಲ್ಲಿ, ಸಾವಿನ ಮಂಚದ ಮೇಲಿನವಳಿಗೆ. ನನಗೆ ಜಿರಳೆಯ ಮೇಲಿದ್ದ ಹೇಸಿಗೆ ನನ್ನ ಮೇಲೆಯೇ ತಿರುಗಿತು.

ದನಗಳಿಗೆ ಸೂಜಿ ಚುಚ್ಚುತ್ತ ತಿರುಗುವ ಒಬ್ಬನನ್ನು ಕರೆಸಿದೆ. ಡಾಕ್ಟರನೇನಲ್ಲ, ಬಾಯಿಮಾತಿನಲ್ಲಿ ಮಾತ್ರ ಡಾಕ್ಟರ. ಸಗಣಿ ಮೆತ್ತಿದ ಉಗುರಿನಲ್ಲಿ ಅದರ ಮೆತ್ತಗಾದ ದವಡೆ ಹಿಡಿದು ತೆರೆದ. ಏನೋ ಕರಿ ಔಷಧ ಸುರಿದ. ಅದು ಮೂಗಿನಿಂದ ಹೊರಗೆ ಬಂತು. "ಗರ್ಮಿ ಆಗ್ಯಾದ, ಬಿಟ್ಟಬಿಡ್ರಿ" ಎಂದು ನಮ್ಮ ಟವೆಲ್ಲಿಗೇ ಕೈ ಒರೆಸಿಕೊಂಡು ಹೋದ. ಅವನ ಬಾಯಿಂದ ಸುದ್ದಿ ಹಬ್ಬಿ ಮರುದಿನ ಇನ್ನೊಬ್ಬ ಬಂದ. ಸಂತೆಗಳಲ್ಲಿ ಗಂಡಸರಿಗೆ ನೋವಿನ ಎಣ್ಣೆ, ಶಕ್ತಿಯ ಎಣ್ಣೆ ಎಂದು ಮಾರುವವನು. ಪಂಜರದೊಳಗೆ ಬಗ್ಗಿ ನೋಡಿ, ತುಟಿ ನೆಕ್ಕಿಕೊಂಡು, "ಸತ್ತ ಮ್ಯಾಲ ಕೊಡ್ರಿ ಬಾಯಾರ, ಹೂಳಬ್ಯಾಡ್ರಿ. ಎಣ್ಣಿ ಮಾಡ್ಲಾಕ ಚರಬಿ ಛಲೋ ಅದ" ಎಂದ. ನಾನು ನೀರಿನ ಕೊಡ ಎತ್ತಿದ್ದು ನೋಡಿ ಹೊರಟುಹೋದ.

ಅವನಿಗಿಂತ ನಾನೇನು ಮೇಲು? ಅವನು ಹೋದ ಮೇಲೆ ನನ್ನ ಮನಸ್ಸಿನಲ್ಲೂ ಒಂದು ಯೋಚನೆ ಬಂತು. ಇವತ್ತೇ ಸತ್ತರೆ ನಾಳೆಯಿಂದ ಆ ಡಬ್ಬಿ ತೆರೆಯುವುದು ತಪ್ಪುತ್ತದೆ ಎಂದು. ನಿಮ್ಮ ಮುಂದೆ ಮುಚ್ಚಿಟ್ಟು ಏನು ಮಾಡಲಿ, ಹಾಗೆ ಅನಿಸಿದ್ದು ನಿಜ. ಮಹಾಲಯ ಅಮಾವಾಸ್ಯೆಗೆ ಇನ್ನು ಮೂರು ದಿನವಿತ್ತು. ಒಂಬತ್ತರ ಬಸ್ಸು ಹತ್ತಿ ಹುಮನಾಬಾದಿನ ಗುಡಿಗೆ ಹೋದೆ. ವೀರಭದ್ರಪ್ಪನ ಮುಂದೆ ನಿಂತಾಗ ನನ್ನಿಂದ ಸ್ತೋತ್ರ ಬರಲಿಲ್ಲ, ಸಿಟ್ಟು ಬಂತು.

"ಅಪ್ಪಾ, ಇಂಥಾ ಹೊಲಸ ಜೀವ ನೀ ಯಾಕ ಮಾಡ್ದಿ ನನಗ ಗೊತ್ತಿಲ್ಲ. ಮಾಡಿದ್ದು ನಿನಗೇ ಚಂದ. ಆದ್ರ ನಿನ್ನ ಲಿಂಗ ಮುಟ್ಟಿ ಮಾತು ಕೊಟ್ಟೀನಿ. ಶಮೀಮ ಬರೋತನಕ ಅದು ನನ್ನ ಕೈಯಾಗ ಸಾಯಬಾರ್ದು. ಅಷ್ಟ ಮಾಡು."

ಹೂವು ಬೀಳಲಿಲ್ಲ, ಗಂಟೆ ತಾನಾಗಿ ಮೊಳಗಲಿಲ್ಲ. ಕುಂಕುಮ ಹಚ್ಚಿಕೊಂಡು ಮಧ್ಯಾಹ್ನದ ಬಸ್ಸಿಗೆ ವಾಪಸ್ಸು ಬಂದೆ. ಬಂದು ನೋಡಿದರೆ ಪಾಷಾ ಎರಡೂ ಕಣ್ಣು ಮುಚ್ಚಿಕೊಂಡು ಪಂಜರದ ನೆಲದಲ್ಲಿ ಬಿದ್ದಿತ್ತು.

ನಮ್ಮ ಕಡೆ ದಸರೆಯ ಘಟ ಕೂಡಿಸುವ ಮುಂಚೆ ಮನೆ ತೊಳೆಯುವುದು ನಿಮಗೆಲ್ಲ ಗೊತ್ತು. ಕೌದಿ, ಗಾದಿ, ಡಬ್ಬಿ, ಬೋಗುಣಿ, ಮನೆಯೊಳಗಿನ ಒಂದು ಚಮಚವೂ ಉಳಿಯದಂತೆ ಹೊರಗೆ ಬರಬೇಕು. ಮರುದಿನ ಎಲ್ಲವನ್ನೂ ಅಂಗಳಕ್ಕೆ ಸಾಗಿಸಿದೆ. ಕೊನೆಗೆ ಉಳಿದದ್ದು ಆ ಪಂಜರ. ಅದರ ನೆಲದಲ್ಲಿ ಹೇಲು, ಸತ್ತ ಜಿರಳೆಯ ರೆಕ್ಕೆ, ನಾರುವ ನೀರು. ದೇವಿ ಕೂರುವ ಮನೆಯಲ್ಲಿ ಈ ಮೈಲಿಗೆ ಒಂದು ಗಳಿಗೆಯೂ ಬೇಡ ಎಂದು, ಮೂಗಿಗೆ ಸೆರಗು ಕಟ್ಟಿಕೊಂಡು, ಪಾಷಾನನ್ನು ಹಳೇ ಬಟ್ಟೆಯಲ್ಲಿ ಎತ್ತಿ ಅಂಗಳದ ದಾಳಿಂಬೆ ಗಿಡದ ಮೇಲೆ ಹಾಕಿದೆ. ಇಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಹಾಕಿದೆ. ಪಂಜರವನ್ನು ನಳದ ಕೆಳಗೆ ತಿಕ್ಕತೊಡಗಿದೆ.

ಅರ್ಧ ತಾಸಿನ ಮೇಲೆ ತಿರುಗಿ ನೋಡಿದರೆ, ಅದು ಟೊಂಗೆಯನ್ನು ಅಪ್ಪಿಕೊಂಡು ಮೈಯನ್ನು ಹಪ್ಪಳದ ಹಾಗೆ ಚಪ್ಪಟೆ ಮಾಡಿ ಬಿಸಿಲಿಗೆ ಒಡ್ಡಿತ್ತು. ಬಿಸಿಲಿನ ಕಡೆಯ ಮಗ್ಗುಲು ಕಪ್ಪಾಗಿತ್ತು. ಒಂದು ಕಣ್ಣು ತೆರೆದಿತ್ತು. ನನ್ನ ಕೈಯಿಂದ ಸಿಡಿದ ನೀರಿನ ಹನಿ ಎಲೆಯ ಮೇಲಿತ್ತು, ಅದನ್ನು ನೆಕ್ಕಿತು. ನಾನು ತಿಕ್ಕುವ ನಾರು ಹಿಡಿದುಕೊಂಡೇ ಅಲ್ಲಿ ಕುಳಿತುಬಿಟ್ಟೆ.

ಅಷ್ಟರಲ್ಲಿ ಎದುರುಮನೆಯ ಎಮ್ಮೆಗೆ ಕಾಲುಬಾಯಿ ರೋಗದ ಲಸಿಕೆ ಹಾಕಲು ಬಂದಿದ್ದ ಡಾಕ್ಟರಮ್ಮ ನಮ್ಮ ಬೇಲಿಯ ಹತ್ತಿರ ನಿಂತರು. ಚಿಕ್ಕ ವಯಸ್ಸಿನವರು. "ಇದು ನಮ್ಮ ಕಾಡಿಂದಲ್ಲ, ಹೊರದೇಶದ್ದು. ಕಾಗದ ಅವೇನ್ರಿ? ನಮ್ಮ ಊಸರವಳ್ಳಿ ಆಗಿದ್ರ ಮನಿಯಾಗ ಇಟ್ಕೊಳ್ಳೋದು ಗುನ್ಹೆ" ಎಂದರು. ಕಾಗದ ತೋರಿಸಿದೆ. ಪಂಜರ ಎಲ್ಲಿಟ್ಟಿದ್ದೆ ಎಂದು ಕೇಳಿದರು. ಕಿಟಕಿ ತೋರಿಸಿದೆ, ಬಲ್ಬ್ ತೋರಿಸಿದೆ.

"ತಿಂಗಳ ಮ್ಯಾಲಾತು, ಬಿಸಿಲಾಗೇ ಇಟ್ಟೀನ್ರಿ" ಎಂದೆ.

"ಗಾಜು ಬೆಳಕ ಬಿಡ್ತದ್ರಿ ಅಮ್ಮಾ, ಇದಕ್ಕ ಬೇಕಾದ ಕಿರಣ ಬಿಡಂಗಿಲ್ಲ. ಯುವಿಬಿ ಅಂತಾರ. ಅದು ಮೈಮ್ಯಾಲ ಬಿದ್ದರನ ತಿಂದ ಕ್ಯಾಲ್ಸಿಯಂ ಎಲುಬಿಗಿ ಹತ್ತೋದು. ಇಲ್ಲಂದ್ರ ಮೈ ತನ್ನ ಎಲುಬನ್ನೇ ಕರಗಿಸಿ ತಿಂತದ. ಈ ನೀಲಿ ಬಲ್ಬಿನಾಗ ಅದು ಇಲ್ಲ. ನೀವು ಬಿಸಿಲಾಗಿಟ್ಟು ಕತ್ತಲಾಗ ಸಾಕೀರಿ."

"ನಿಮ್ಮ ದವಾಖಾನಿ ಎಲ್ಲದ್ರಿ?"

"ಹುಮನಾಬಾದ. ಇವತ್ತ ಲಸಿಕಾ ಹಾಕ್ಲಾಕ ಈ ಕಡಿ ಕಳಿಸ್ಯಾರ. ನಾಳೆ ಅಲ್ಲಿಗೆ ತರ್ರಿ."

ಹುಮನಾಬಾದ ಎಂದ ಕೂಡಲೇ ನನ್ನ ಮೈ ಝುಂ ಎಂದಿತು. ನಾನು ನಿನ್ನೆ ಸಿಟ್ಟು ಮಾಡಿ ಬಂದ ಊರಿನಿಂದಲೇ ಸ್ವಾಮಿ ಉತ್ತರ ಕಳಿಸಿದ್ದ. ಮನೆ ತೊಳೆಯುವ ದಿನವಲ್ಲದಿದ್ದರೆ ಅದು ಗಾಜಿನ ಹಿಂದೆಯೇ ಸಾಯುತ್ತಿತ್ತು, ಡಾಕ್ಟರಮ್ಮ ನಮ್ಮ ಮನೆ ದಾಟಿ ಹೋಗುತ್ತಿದ್ದರು.

ಮರುದಿನ ಬುಟ್ಟಿಯಲ್ಲಿ ಬಟ್ಟೆ ಹಾಸಿ ಪಾಷಾನನ್ನು ಬಸ್ಸಿಗೆ ಹತ್ತಿಸಿದೆ. ಕಂಡಕ್ಟರ್ "ಏನದ ಬಾಯಾರ?" ಎಂದ. ಸುಳ್ಳು ಹೇಳಿ ಸಾಕಾಗಿತ್ತು, ಬಟ್ಟೆ ಸರಿಸಿ ತೋರಿಸಿದೆ. ಪಕ್ಕದಲ್ಲಿದ್ದ ಹೆಣ್ಣುಮಗಳು ಥೂ ಎಂದು ಎದ್ದು ಹಿಂದೆ ಹೋದಳು. ಬಂಗ್ಲಾ ಸ್ಟಾಪು ದಾಟಿ ರಾಜೇಶ್ವರ ಊರು ಬರುವವರೆಗೂ ಆ ಸೀಟಿನಲ್ಲಿ ಯಾರೂ ಕೂರಲಿಲ್ಲ. ಅವಳ ಮೇಲೆ ನನಗೆ ಸಿಟ್ಟು ಬಂತು. ನಾನೂ ಮೊನ್ನೆಯವರೆಗೆ ಅದನ್ನೇ ಅನ್ನುತ್ತಿದ್ದವಳು.

ಡಾಕ್ಟರಮ್ಮ ಕಾಲುಗಳ ಎಕ್ಸರೇ ತೆಗೆಸಿದರು. ಎಲುಬು ಹೊಗೆಯ ಹಾಗೆ ಮಸುಕಾಗಿ ಕಾಣುತ್ತಿತ್ತು. ಸೂಜಿ ಇಲ್ಲದ ಸಿರಿಂಜಿನಲ್ಲಿ ಕ್ಯಾಲ್ಸಿಯಂ ಔಷಧವನ್ನು ತುಟಿಯ ಅಂಚಿನಲ್ಲಿ ಹನಿ ಹನಿಯಾಗಿ ಬಿಡುವುದು, ಜಿರಳೆಯನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಡುವುದು, ಮುಂಜಾನೆಯ ಬಿಸಿಲಿಗೆ ಇಟ್ಟಾಗ ಅರ್ಧ ಪಂಜರಕ್ಕೆ ನೆರಳು ಮಾಡುವುದು, ಎಲ್ಲವನ್ನೂ ಕೈ ಹಿಡಿದು ಕಲಿಸಿದರು. "ಕಾಲು ಡೊಂಕ ಉಳೀತಾವ, ಜೀವ ಉಳಿಬಹುದು. ಖರೇ ಯುವಿಬಿ ಬಲ್ಬ್ ಹೈದರಾಬಾದಿನಿಂದ ತರಸ್ರಿ. ನಡುವೆ ಗಾಜು ಇರಬಾರ್ದು. ಆರೇಳು ತಿಂಗಳಿಗೊಮ್ಮಿ ಬದಲಿ ಮಾಡ್ರಿ, ಉರದ್ರೂ ಅದರ ತಾಕತ್ತು ಹೋಗಿರ್ತದ" ಎಂದರು.

ಹೈದರಾಬಾದಿನಿಂದ ಎಂದರೆ ಶಮೀಮಳ ತಮ್ಮನಿಂದ. ಅವನ ನಂಬರು ಇದ್ದದ್ದು ಶಮೀಮಳ ಹತ್ತಿರ. ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳಿಗೆ ಫೋನು ಹಚ್ಚಿ ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ.

"ನನಗ ಗೊತ್ತಿತ್ತು ಅಕ್ಕಾ," ಎಂದಳು. "ಪಾಷಾ ಬೆಳೆದಾನ, ದಿನಾ ಉಣ್ಣಂಗಿಲ್ಲ, ಒಂದಿನ ಬಿಟ್ಟು ಒಂದಿನ ಉಣ್ತಾನ. ನೀವು ದಿನಾ ಉಣ್ಣಾಕತ್ತಾನ ಅಂದ್ರಿ. ಖರೇ ಏನಂತ ಕೇಳ್ಲಾಕ ನನಗ ಧೈರ್ಯ ಆಗ್ಲಿಲ್ಲ."

ಇಬ್ಬರೂ ಅತ್ತೆವು. ಬಲ್ಬ್ ಮೂರನೇ ದಿನ ಬಸ್ಸಿನಲ್ಲಿ ಬಂತು. ಘಟದ ದೀಪ ಒಂದು ಕಡೆ, ಪಾಷಾನ ದೀಪ ಇನ್ನೊಂದು ಕಡೆ, ಒಂಬತ್ತು ದಿನ ಎರಡನ್ನೂ ಕಾಯ್ದೆ. ಬನ್ನಿ ಹಂಚುವ ದಿನ ಅದು ನಾಲಿಗೆಯನ್ನು ನೆಟ್ಟಗೆ ಚಾಚಿ, ತಾನೇ ಒಂದು ಜಿರಳೆ ಹಿಡಿಯಿತು. ಕರುಂ ಕುರುಂ ಕೇಳಿ ನಾನು ಕೈ ಮುಗಿದೆ. ಆಮೇಲೆ ಬಚ್ಚಲಿಗೆ ಹೋಗಿ ಮೂರು ಸಲ ಸೋಪೂ ಹಚ್ಚಿದೆ.

ದೀಪಾವಳಿ ಮುಗಿದು ವಾರಕ್ಕೆ ಶಮೀಮ ಬಂದಳು. ತನ್ನ ಮನೆಯ ಬೀಗ ತೆಗೆಯದೆ ನೇರವಾಗಿ ನಮ್ಮ ಅಂಗಳಕ್ಕೆ ಬಂದು ಕೈ ಚಾಚಿದಳು. ಪಾಷಾ ಆ ಡೊಂಕು ಕಾಲುಗಳಲ್ಲಿ ತಡವರಿಸುತ್ತ ಅವಳ ಮೊಣಕೈವರೆಗೆ ಹತ್ತಿ ಹಸಿರಾಯಿತು. "ಇನ್ನ ಮನಿಗಿ ಹೋಗ್ತೀನಿ ಅಕ್ಕಾ" ಎಂದು ಬೀಗದ ಕೈ ತೆಗೆದಳು.

ಹೀಗೆ ಸ್ವಾಮಿ ನನ್ನ ಮಾತು ಉಳಿಸಿದ. ಭಕ್ತಿಯಿಂದಲ್ಲ, ಹೇಸಿಕೊಂಡು ಹೊರಗೆ ಹಾಕಿದ ಕೈಯಿಂದಲೇ ಒಂದು ಜೀವ ಬದುಕಿಸಿದ. ಅವನಿಗೆ ಎಂಥ ಕೈಯಾದರೂ ನಡೆಯುತ್ತದೆ ಎಂದು ನಾನು ನಂಬಿದ್ದು ಆಗಲೇ. ಆಪರೇಷನ್ನಿನ ಮೇಲೆ ಶಮೀಮಳ ಬೆರಳು ನಡುಗುತ್ತವೆ, ಚಿಮಟ ನಿಲ್ಲುವುದಿಲ್ಲ. ಅದಕ್ಕೆ ಒಂದು ದಿನ ಬಿಟ್ಟು ಒಂದು ದಿನ ನಾನೇ ಹೋಗಿ ಆ ಡಬ್ಬಿಯ ಮುಚ್ಚಳ ತೆಗೆಯುತ್ತೇನೆ. ವಾಸನೆ ಇದ್ದ ಹಾಗೇ ಇದೆ, ನನ್ನ ಹೇಸಿಗೆಯೂ ಇದ್ದ ಹಾಗೇ ಇದೆ. ಆ ದಿನಗಳಲ್ಲಿ ಮೊದಲು ಜಿರಳೆ, ಆಮೇಲೆ ಸ್ನಾನ, ಆಮೇಲೆ ಪೂಜೆ. ವೀರಭದ್ರಪ್ಪ ಅಷ್ಟೊತ್ತು ಕಾಯುತ್ತಾನೆ.