ಅರ್ಧ ತಟ್ಟೆ ಅವಲಕ್ಕಿ

ನನ್ನ ತಂಗಿಗೆ ಒಂಬತ್ತು ತುಂಬುವ ಮೊದಲೇ ಸಕ್ಕರೆ ಕಾಯಿಲೆ ಬಂತು. ಅದು ಐವತ್ತರ ದಶಕದ ಕೊನೆ. ಲಷ್ಕರ್ ಮೊಹಲ್ಲಾದ ನಮ್ಮ ಬಾಡಿಗೆ ಮನೆಯಲ್ಲಿ ದಿನಾ ಬೆಳಿಗ್ಗೆ ಅಪ್ಪ ಗಾಜಿನ ಸಿರಿಂಜನ್ನು ಕುದಿಸಿ ಅವಳ ತೊಡೆಗೆ ಇನ್ಸುಲಿನ್ ಚುಚ್ಚುತ್ತಿದ್ದರು. ಮೂತ್ರದ ಪರೀಕ್ಷೆ ಹದಿನಾಲ್ಕು ವರ್ಷದ ನನ್ನ ಪಾಲಿಗೆ. ನೀಲಿ ದ್ರಾವಣಕ್ಕೆ ಎಂಟು ಹನಿ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕಾಯಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲ. ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ವಿಪರೀತ. ಯಾವ ಬಣ್ಣವೆಂದು ಗೊತ್ತಾಗುವವರೆಗೆ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ತಾತನ ತಿಥಿಯ ಬೆಳಿಗ್ಗೆ ಇಟ್ಟಿಗೆ ಬಣ್ಣವೇ ಬಂತು. ಗದರಿಸಿ ಕೇಳಿದ ಮೇಲೆ, ಹಿಂದಿನ ಸಂಜೆ ಗೆಳತಿಯ ಮನೆಯಲ್ಲಿ ಕೊಬ್ಬರಿ ಮಿಠಾಯಿ ತಿಂದಿದ್ದನ್ನು ತಂಗಿ ಒಪ್ಪಿಕೊಂಡಳು. ಅಪ್ಪ ಎಂದಿನಂತೆ ಇಂಜೆಕ್ಷನ್ ಕೊಟ್ಟು ಸ್ನಾನಕ್ಕೆ ಹೋದರು. ಅಮ್ಮ, ಅಜ್ಜಿ ಮಡಿಯುಟ್ಟು ಅಡುಗೆಗೆ ನಿಂತಿದ್ದರು. ಅಳೆದಿಟ್ಟಿದ್ದ ಮೊಸರವಲಕ್ಕಿಯನ್ನು ಅವಳಿಗೆ ತಿನ್ನಿಸುವುದು ನನ್ನ ಕೆಲಸ. ಕಡಿಮೆ ತಿಂದರೆ ಸಕ್ಕರೆಯೂ ಇಳಿಯುತ್ತದೆಂದು ನಾನೇ ತೀರ್ಮಾನಿಸಿ ಅರ್ಧ ಮಾತ್ರ ಕೊಟ್ಟೆ.

“ಇನ್ನೂ ಹಸಿವು ಕಣೇ ಅಕ್ಕ.”

“ಮಿಠಾಯಿ ತಿನ್ನೋವಾಗ ಗೊತ್ತಿರ್ಲಿಲ್ವಾ? ಸುಮ್ನಿರು.”

ಹತ್ತೂವರೆಯ ಹಾಲನ್ನೂ ಕೊಡಲಿಲ್ಲ. ಪುರೋಹಿತರು ತಡವಾಗಿ ಬಂದರು. ಅವರ ಊಟವಾಗುವವರೆಗೆ ಮನೆಯವರಾರೂ ಎಲೆಯ ಮುಂದೆ ಕೂರುವಂತಿಲ್ಲ. ನಾನು ಹಜಾರಕ್ಕೂ ಹಿತ್ತಲಿಗೂ ಸುಮ್ಮನೆ ಓಡಾಡುತ್ತಿದ್ದೆ. ಹನ್ನೆರಡು ದಾಟಿರಬೇಕು, ತಂಗಿ ಹಿತ್ತಲ ಕಲ್ಲಿನ ಮೇಲೆ ಕೂತು ಬೆವರುತ್ತಿದ್ದಳು. ಕೈ ನಡುಗುತ್ತಿತ್ತು. ನನ್ನನ್ನು ನೋಡಿ “ಅಮ್ಮ” ಎಂದಳು. ಮಾತು ತೊದಲಿತು.

ನಾನು ಕೂಗಿದ್ದು ಕೇಳಿ ಮೊದಲು ಬಂದವರು ಅಜ್ಜಿ. ಮಡಿಯಲ್ಲಿದ್ದಾಗ ನಮ್ಮ ನೆರಳು ಸೋಕಿದರೂ ಮತ್ತೆ ಸ್ನಾನಕ್ಕೆ ಹೋಗುವವರು, ಅವಳನ್ನು ಎಳೆದು ಮಡಿಲಿಗೆ ಹಾಕಿಕೊಂಡರು.

“ಹಿಂಗೆ ಬೆವರಿ ನಡುಗಿದ್ರೆ ತಕ್ಷಣ ಸಿಹಿ ಕುಡಿಸಿ ಅಂತ ಡಾಕ್ಟ್ರು ಹೇಳಿರ್ಲಿಲ್ವೇನೇ? ಪಾಯಸಕ್ಕೆ ಇಟ್ಟಿರೋ ಬೆಲ್ಲ ತಗೊಂಬಾ, ನೀರಲ್ಲಿ ಕದಡು.”

“ಅಜ್ಜಿ, ಇನ್ನೂ ಎಡೆ ಆಗಿಲ್ಲ…”

“ತಾ ಅಂದ್ನಲ್ಲ.”

ಚಮಚ ಚಮಚವಾಗಿ ಬೆಲ್ಲದ ನೀರು ಕುಡಿಸಿದರು. ಕಾಲು ಗಂಟೆಯ ಹೊತ್ತಿಗೆ ತಂಗಿ ನನ್ನನ್ನು ಗುರುತು ಹಿಡಿದಳು. ಅಪ್ಪ ಬೆರಳಲ್ಲಿ ದರ್ಭೆಯ ಪವಿತ್ರ ಹಾಗೇ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ಪುರೋಹಿತರೇ, “ಮೊದ್ಲು ಮಗೂಗೆ ಊಟ ಹಾಕಿ, ನಾವು ಕಾಯ್ತೀವಿ” ಎಂದರು.

ಸಂಜೆ ಡಾಕ್ಟರ ಎದುರು ಎಲ್ಲ ಹೇಳಿಕೊಂಡೆ. ಅವರು ಬೈಯಲಿಲ್ಲ.

“ಇನ್ಸುಲಿನ್ ಒಳಗೆ ಹೋದ್ಮೇಲೆ ಅದಕ್ಕೆ ತಕ್ಕ ಊಟ ಹೊಟ್ಟೆಗೆ ಬೀಳ್ಬೇಕು ಕಣಮ್ಮ. ನಿನ್ನೆ ತಿಂದಿದ್ದಕ್ಕೆ ಇವತ್ತು ಹಸಿದುಕೊಂಡಿದ್ರೆ ಅದು ಪಥ್ಯ ಅಲ್ಲ.”

ಅಮ್ಮ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಮರುವರ್ಷದ ತಿಥಿಗೆ ಅಜ್ಜಿ ತಂಗಿಯ ತಿಂಡಿ ಮುಗಿಯುವವರೆಗೆ ಮಡಿಯೇ ಉಡಲಿಲ್ಲ. ನನಗಂತೂ ಅವಳು ತುತ್ತೆತ್ತಿದಾಗಲೆಲ್ಲ ಎದುರು ಕೂತು ನೋಡುವ ಚಾಳಿ ಹತ್ತಿಬಿಟ್ಟಿತು. ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದ ಮೇಲೊಂದು ದಿನ ಅವಳೇ ಹೇಳಿದಳು:

“ಅತ್ಲಾಗೆ ತಿರುಗ್ಕೊಳೇ ಅಕ್ಕ. ನೀನು ಹಿಂಗೆ ನೋಡ್ತಿದ್ರೆ ಊಟ ಗಂಟಲಲ್ಲಿ ಇಳಿಯಲ್ಲ.”