ಹೊರಗೆ ಕೂತ ದಿನಗಳ ಲೆಕ್ಕ

೧೯೫೭ರಲ್ಲಿ ನನ್ನ ದಿನಚರಿಯಲ್ಲಿ ಅತ್ತಿಗೆಗೆಂದೇ ಒಂದು ಪುಟ ತೆಗೆದಿಟ್ಟೆ. ಅವಳು ಮುಟ್ಟಾಗಿ ಹೊರಗೆ ಕೂತಾಗ ಅಡುಗೆ ನನ್ನ ಪಾಲಿಗೆ ಬರುತ್ತಿತ್ತು. ಎಷ್ಟು ದಿನ ಎಂದು ಗೀಟು ಹಾಕುತ್ತಿದ್ದೆ. ಮೊದಲು ತಿಂಗಳಿಗೆ ಮೂರು. ಆ ವರ್ಷದ ಕೊನೆಗೆ ಆರು, ಆಮೇಲೆ ಒಂಬತ್ತು. ಮರುವರ್ಷದ ಚಳಿಗಾಲಕ್ಕೆ ಹದಿನಾಲ್ಕು.

ಯಲ್ಲಾಪುರದ ಪಂಡಿತರು ಪಿತ್ತ ಎಂದರು. ಶಿರಸಿಯ ಡಾಕ್ಟರರು ರಕ್ತ ಹೋಗುವ ಕಾಯಿಲೆ ಎಂದು ಟಾನಿಕ್ ಕೊಟ್ಟರು. ಇಬ್ಬರೂ ಪ್ರಶ್ನೆ ಕೇಳಿದ್ದು ನನ್ನ ಅಮ್ಮನನ್ನು, ಆಯಿಯನ್ನು. ಅತ್ತಿಗೆ ಹಿಂದೆ ನಿಂತಿದ್ದಳು. ಪುಟದ ಮೇಲೆ ಪಿತ್ತ ಎಂದು ಬರೆದದ್ದನ್ನು ಹೊಡೆದು ರಕ್ತ ಎಂದು ಬರೆದೆ.

ಎಂಟು ಬಾಟಲಿ ಮುಗಿದ ಮೇಲೆ ಡಾಕ್ಟರರು ಅವಳ ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, ರಕ್ತ ಚೆನ್ನಾಗಿಯೇ ಇದೆಯಲ್ಲ ಎಂದರು. ಮನೆಗೆ ಬಂದ ಆಯಿ ನನ್ನ ಪುಸ್ತಕ ಕೇಳಿದಳು. ಹೆಮ್ಮೆಯಿಂದಲೇ ಕೊಟ್ಟೆ. ಗೀಟು ಎಣಿಸಿ, ಹಿತ್ತಿಲಿಗೆ ಹೋಗಿ ಮುಟ್ಟಿನ ಬಟ್ಟೆ ಒಣಗಿಸುವ ತಂತಿ ನೋಡಿದಳು.

"ಹದ್ನಾಲ್ಕು ದಿನ ಕೂತವ್ಳದ್ದು ಒಂದು ಬಟ್ಟೆನೂ ಇಲ್ಲೆ ಇಲ್ಲಿ. ಚೊಲೋ ನಾಟಕ."

ಅತ್ತಿಗೆ ಚಾಪೆಯ ಮೇಲೇ ಇದ್ದಳು. "ಏಳಲೆ ಆಗ್ತಿಲ್ಲೆ ಅತ್ತೆ. ಒಳಗೆ ಮಲಗಿದ್ರೆ 'ಎಂತಾ ಆತು' ಹೇಳಿ ಎಲ್ಲಾ ಕೇಳ್ತ. ಎಂತಾ ಹೇಳ್ಲಿ? ಎಂತದೂ ಆಜಿಲ್ಲೆ. ಹೊರಗೆ ಕೂತ್ರೆ ಯಾರೂ ಕೇಳ್ತ್ವಿಲ್ಲೆ."

ಅಂದಿನಿಂದ ಆಯಿ ಬಟ್ಟೆ ನೋಡಿಯೇ ಅವಳನ್ನು ಹೊರಗೆ ಕೂರಲು ಬಿಡುತ್ತಿದ್ದಳು. ತಿಂಗಳಿಗೆ ಮತ್ತೆ ಮೂರು ಗೀಟು. ವಾಸಿಯಾಯಿತು ಎಂದು ಬರೆದೆ. ಹಾಲು ಉಕ್ಕಿ ಬೆಂಕಿಗೆ ಬೀಳುವಾಗ ಅವಳು ಗೋಡೆ ಹಿಡಿದು ಸುಮ್ಮನೆ ನೋಡುತ್ತಿದ್ದಳು. ಅವಳು ಊಟ ಬಿಟ್ಟ ದಿನಗಳನ್ನು ನಾನು ಬರೆದಿಡಲಿಲ್ಲ.

೧೯೬೧ರಲ್ಲಿ ಅವಳಿಗೆ ನಡೆಯಲೂ ಆಗದಾದಾಗ ಅಣ್ಣ ಧಾರವಾಡಕ್ಕೆ ಕರೆದೊಯ್ದ. ಪುಸ್ತಕ ಹಿಡಿದು ನಾನೂ ಹೋದೆ. ಅಲ್ಲಿನ ಡಾಕ್ಟರರು ಅವಳನ್ನೇ ಕೂರಿಸಿ ಕೇಳಿದರು. ಆಮೇಲೆ ಪುಟ ತಿರುವಿ, ಆರು ಗೀಟಿದ್ದ ತಿಂಗಳಿನ ಮೇಲೆ ಬೆರಳಿಟ್ಟರು.

"ಇಲ್ಲಿಂದ ಸುರು ಆಗೇದ ನೋಡ್ರಿ. ಮನಸಿನ ಜಡ್ಡು ಇದು. ಡಿಪ್ರೆಶನ್ ಅಂತೀವಿ. ನಾಕು ವರ್ಷ ಹಂಗ ಬಿಟ್ಟೀರಲ್ರಿ."

ಬಸ್ಸಿನಲ್ಲಿ ಅತ್ತಿಗೆ ನನ್ನ ಕೈ ಹಿಡಿದಳು. "ಹಂಗಾರೆ ನಾಟಕ ಅಲ್ದಡ. ಅತ್ತೆಗೆ ನೀನೇ ಹೇಳು ಕೂಸೆ."

ಹೇಳಿದೆ. ಆಯಿ ಅಕ್ಕಿ ಆರಿಸುತ್ತಲೇ ಹೇಳಿದಳು.

"ಈ ಮನೇಲಿ ಮನಸಿನ ಕಾಯ್ಲೆ ಇದ್ದು ಹೇಳಿ ಗೊತ್ತಾದ್ರೆ ನಿನ್ನ ಯಾರು ಮದುವೆ ಆಗ್ತ? ರಕ್ತದ ಕಾಯ್ಲೆ ಹೇಳೇ ಇರ್ಲಿ."

ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಆ ಸಂಜೆ ಪೆನ್ನು ತೆಗೆದೆ, ಮುಚ್ಚಿಟ್ಟೆ. ಪುಟದ ಮೇಲೆ ಈಗಲೂ ರಕ್ತ ಎಂದೇ ಇದೆ.